ಉಪಾಸನೆಯ ಸಂಗೀತ ಮತ್ತು ಜಯಚಾಮರಾಜೇಂದ್ರ ಒಡೆಯರ್

ಎರಡು ಸಂಗೀತಗಳನ್ನು ಒಳಗಿನಿಂದ ಬಲ್ಲವನು ತನ್ನ ಉಪಾಸನೆಗೆ ಯಾವುದನ್ನು ಆರಿಸಿಕೊಳ್ಳಬೇಕು? ಎರಡನ್ನೂ ಬೆರೆಸಬಹುದೇ? ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ (1919–1974) ತಮ್ಮ ರಚನೆಗಳಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ.

ಅವರಿಗೆ ಮೊದಲು ಒಲಿದದ್ದು ಪಿಯಾನೊ. ಕಛೇರಿ ಕಲಾವಿದರಾಗುವ ಆಸೆಯಿತ್ತು. 1940ರಲ್ಲಿ ಪಟ್ಟವೇರಿದ ಮೇಲೆ ಅದು ಕೈಗೂಡಲಿಲ್ಲ. ಆದರೂ ಲಂಡನ್ನಿನ ಸಂಗೀತ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಸಂಗೀತದ ಮೂಲ ನಿಯಮಗಳು ಮನುಷ್ಯ ಕಟ್ಟಿದ್ದಲ್ಲ, ರಚನಕಾರ ಅವಕ್ಕೆ ಕಿವಿಗೊಡುವವನು ಎಂಬುದು ಮೆಟ್ನರ್ ಅವರ ದೃಢ ನಂಬಿಕೆಯಾಗಿತ್ತು. ನಾದವನ್ನು ದೇವಿಯ ರೂಪವೆಂದೇ ಕಾಣುವ ಶ್ರೀವಿದ್ಯೆಯ, ಎಂದರೆ ದೇವಿಯ ಮಂತ್ರೋಪಾಸನೆಯ ಪಂಥದ, ಉಪಾಸಕರಾಗಿದ್ದ ಒಡೆಯರ್ ಅವರಿಗೆ ಈ ಮಾತು ಪರಕೀಯವೆನಿಸುವಂಥದ್ದಲ್ಲ.

ಕರ್ನಾಟಕ ಸಂಗೀತದ ರಚನೆಗೆ ಅವರು ಕೈಹಾಕಿದ್ದು 1940ರ ದಶಕದ ನಡುವಿನಲ್ಲಿ. ಆಸ್ಥಾನ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನವಿತ್ತು. ‘ಶ್ರೀವಿದ್ಯಾ’ ಅಂಕಿತದಲ್ಲಿ, ಸಂಸ್ಕೃತದಲ್ಲಿ, 94 ಕೃತಿಗಳು ಮೂಡಿದವು. ಗಂಭೀರನಾಟದ ‘ಶ್ರೀ ಜಾಲಂಧರ’ವನ್ನೇ ನೋಡಬಹುದು. ಈ ರಾಗದಲ್ಲಿ ರಿಷಭವಿಲ್ಲ, ಧೈವತವಿಲ್ಲ. ಉಳಿದ ಐದೇ ಸ್ವರಗಳಲ್ಲಿ ಇಡೀ ಕೃತಿ ನಿಲ್ಲಬೇಕು. ಜಾಲಂಧರವೆಂದರೆ ಶಾಕ್ತರು ಪೂಜಿಸುವ ಮಹಾಪೀಠಗಳಲ್ಲೊಂದು. ಹಾಡುವವರು ಪೀಠವನ್ನು ವರ್ಣಿಸುತ್ತಾ ಅದನ್ನೇ ಧ್ಯಾನಿಸುತ್ತಾರೆ. ಹಾಗಾಗಿ ಇಲ್ಲಿ ಸಾಹಿತ್ಯವನ್ನು ರಾಗಕ್ಕೆ ಹೊಂದಿಸಿದ ಪದಗಳೆಂದಷ್ಟೇ ಎಣಿಸಲಾಗದು.

ಶ್ರೀವಿದ್ಯಾ ಉಪಾಸಕರೇ ಆಗಿದ್ದ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಜೋಡಿಸಿ ನೊಟ್ಟುಸ್ವರಗಳನ್ನು ರಚಿಸಿದ್ದರು. ಪಾಶ್ಚಾತ್ಯ ಸಂಗೀತವನ್ನು ಶಿಸ್ತಾಗಿ ಕಲಿತಿದ್ದ ಒಡೆಯರ್ ಮಾತ್ರ ಆ ದಾರಿ ಹಿಡಿಯಲಿಲ್ಲ. ಅವರ ಕೃತಿಗಳಲ್ಲಿ ಪಾಶ್ಚಾತ್ಯ ಸ್ವರಮೇಳದ (ಹಾರ್ಮನಿಯ) ಸೋಂಕಿಲ್ಲ. ಹೊಸತನದ ಹಂಬಲವನ್ನು ಅವರು ಅಪರೂಪದ ರಾಗಗಳತ್ತ, ವಿಳಂಬದ ಬಿಗಿ ಹೆಣಿಗೆಯತ್ತ ಹರಿಸಿದರು. ಇದನ್ನು ಸಂಪ್ರದಾಯದ ಅಂಜಿಕೆ ಎನ್ನುವುದು ಸರಿಯಲ್ಲ. ಗುರುವಿನಿಂದ ಬಂದ ಮಂತ್ರದಲ್ಲಿ ಒಂದಕ್ಷರವನ್ನೂ ಬದಲಿಸದೆ ಜಪಿಸುವುದು ಶ್ರೀವಿದ್ಯೆಯ ನಿಯಮ. ಅದೇ ನಿಷ್ಠೆ ಅವರ ರಾಗನಿರ್ವಹಣೆಯಲ್ಲೂ ಕಾಣುತ್ತದೆ.

ಪಾಶ್ಚಾತ್ಯ ಸಂಗೀತವನ್ನು ಅವರು ತೊರೆಯಲೂ ಇಲ್ಲ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಅವರ ಧನಸಹಾಯದಿಂದಲೇ.