ಶ್ರವಣಯಂತ್ರವೂ ರಸವಿಘ್ನವೂ

1947ರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬ ಯಂತ್ರಜ್ಞನು ಲಂಡನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಧ್ವನಿವರ್ಧಕದ ನಕ್ಷೆಯನ್ನು ಮುಂದಿಟ್ಟುಕೊಂಡು, ಒಂದು ಜೊತೆ ಕೆಟಿ 66 ವಾಲ್ವುಗಳನ್ನೂ ಭಾರವಾದ ಟ್ರಾನ್ಸ್‌ಫಾರ್ಮರನ್ನೂ ಸಂಪಾದಿಸಿ, ಮನೆಯಲ್ಲಿಯೇ ಬೆಸುಗೆ ಹಾಕುತ್ತ ಕುಳಿತ ಹವ್ಯಾಸಿಗಳು ಹಲವರು. ಆ ರಚನೆಯ ಜೀವಾಳವೆಂದರೆ, ಹೊರಬಂದ ಸಂಕೇತದ ಒಂದಂಶವನ್ನು ವಿಲೋಮವಾಗಿ ಮತ್ತೆ ಒಳಕ್ಕೆ ಕಳುಹಿಸಿ, ತಾನೇ ಬೆರೆಸಿದ ವಿಕೃತಿಯನ್ನು ತಾನೇ ಬಹುಮಟ್ಟಿಗೆ ಕಳೆದುಕೊಳ್ಳುವ ಏರ್ಪಾಡು; ಇದಕ್ಕಾಗಿ ಯಂತ್ರವು ತನ್ನ ವರ್ಧನಶಕ್ತಿಯಲ್ಲಿ 20 ಡೆಸಿಬೆಲ್, ಎಂದರೆ ಹತ್ತರಲ್ಲಿ ಒಂಬತ್ತು ಪಾಲನ್ನು, ತ್ಯಜಿಸಬೇಕು. ತನ್ನತನವನ್ನು ಇಷ್ಟು ಕಟ್ಟುನಿಟ್ಟಾಗಿ ದಮನಮಾಡಿಕೊಂಡ ವಸ್ತುವಿನ ಒಡೆಯನಲ್ಲಿ ಅಹಂಕಾರವು ಬೆಳೆಯುವುದೇಕೆ?

ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಪ್ರತೀತಿಯ ಉಪಾಯಕ್ಕೊದಗುವ ವೈಕಲ್ಯವನ್ನೂ ಸ್ಫುಟತೆಯ ಅಭಾವವನ್ನೂ ನಮ್ಮ ಹವ್ಯಾಸಿ ಹಣ ಸುರಿದು ನಿವಾರಿಸಬಲ್ಲನು. ಮಲ್ಲಿಕಾರ್ಜುನ ಮನ್ಸೂರರ ತಾನವೊಂದು ಮುಗಿದೆಡೆಯಲ್ಲಿ ಅವರು ಎಳೆದುಕೊಂಡ ಉಸಿರೂ ಕೇಳಿಸೀತು. ಆದರೆ ಸ್ವಸುಖದಲ್ಲಿ ಪರವಶನಾಗುವುದು, ಪ್ರಧಾನವಾದುದು ಹಿಂದೆ ಸರಿಯುವುದು ಎಂಬ ಬೇರೆರಡು ವಿಘ್ನಗಳು ಅದೇ ಕ್ಷಣದಲ್ಲಿ ಒಳನುಗ್ಗುತ್ತವೆ: ಉಸಿರು ಕೇಳಿಸಿತೆಂಬ ಹಿಗ್ಗಿನಲ್ಲಿ ರಾಗವು ಎತ್ತ ಸಾಗಿತೆಂಬುದೇ ತಪ್ಪಿಹೋಗುತ್ತದೆ.

ಹಾಗೆಂದು ಬೆಸುಗೆಯ ಕೆಲಸವನ್ನು ಬಿಡಬೇಕೆಂದು ನಾನು ಹೇಳಲಾರೆ. ಕಟ್ಟುವಾಗಿನ ಏಕಾಗ್ರತೆಯು, ನನ್ನೆಣಿಕೆಯಲ್ಲಿ, ಕೇಳುವಾಗಿನ ಪರೀಕ್ಷಾಬುದ್ಧಿಗಿಂತ ಪೂಜೆಗೆ ಹತ್ತಿರವಾದುದು. ಕಟ್ಟಿ ಮುಗಿಸಿದವನು ತಂತಿ ಬದಲಿಸುತ್ತ ಒಂದೇ ಗ್ರಾಮಫೋನ್ ತಟ್ಟೆಯ ಮೊದಲ ಸುತ್ತುಗಳನ್ನೇ ಮತ್ತೆ ಮತ್ತೆ ಪರೀಕ್ಷಿಸತೊಡಗಿದನೆಂದರೆ, ಆ ವಿಲಂಬಿತದ ಮುಂದೆ ದ್ರುತವೂ ಇದೆಯೆಂಬುದನ್ನು ಯಾರಾದರೂ ಅವನಿಗೆ ಜ್ಞಾಪಿಸಬೇಕಾಗುತ್ತದೆ.