ಬೀದಿಗಿಳಿಯುವುದು ಸಲ್ಲುತ್ತದೆಯೇ?



ವಿಶ್ವಬ್ಯಾಂಕು, ಐ.ಎಂ.ಎಫ್.ಗಳ ವಿರುದ್ಧ ಕಾಸರಗೋಡಿನಲ್ಲಿ ನಡೆಯುವ ಪ್ರತಿಭಟನೆಗೆ ಹೋಗಬಹುದೇ ಎಂದು ಅಡಿಕೆ ಬೆಳೆಗಾರ ಭಕ್ತರೊಬ್ಬರು ಮಠದಲ್ಲಿ ಕೇಳಿದರು. ಬೀದಿಯಲ್ಲಿ ಕೂಗುವುದು ಲಿಂಗವಂತನಿಗೆ ಸಲ್ಲದೆಂಬ ಸಂಕೋಚ ಅವರಿಗೆ.

1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೊಂದಿಗೆ ಕರ್ನಾಟಕದ ರೈತರು ಯುರೋಪಿಗೇ ಹೋಗಿ, ಜರ್ಮನಿಯ ಕೊಲೋನ್ ನಗರದಲ್ಲಿ ಶ್ರೀಮಂತ ರಾಷ್ಟ್ರಗಳ ಸಭೆ ಸೇರಿದ್ದಾಗ ಬೀದಿಗಿಳಿದಿದ್ದರು. ಕಾರಣ ದೂರದ್ದಲ್ಲ. 1991ರಲ್ಲಿ ನಮ್ಮ ಸರಕಾರ ಐ.ಎಂ.ಎಫ್. ಸಾಲ ತಂದಿತು, ಅದರ ಬೆನ್ನಿಗೇ ಖರ್ಚು ಕಡಿತ ಬಂತು. 1992ರ ಆಗಸ್ಟಿನಲ್ಲಿ ಪೊಟ್ಯಾಷ್ ಗೊಬ್ಬರದ ಬೆಲೆ ನಿಯಂತ್ರಣ ಹೋಯಿತು. ಅಡಿಕೆ ಮರದ ಬುಡಕ್ಕೆ ಪೊಟ್ಯಾಷ್ ಹಾಕುವವನ ಖರ್ಚಿನ ಲೆಕ್ಕದೊಳಗೆ ವಾಷಿಂಗ್ಟನ್ ಹೊಕ್ಕದ್ದು ಹೀಗೆ.

ಸಾಲ ಕೊಟ್ಟವನು ಷರತ್ತು ಹಾಕುವುದು ವ್ಯವಹಾರ, ಬಿ.ಕಾಂ. ಓದಿದ ನಾನು ಅದನ್ನು ತಪ್ಪೆನ್ನಲಾರೆ. ಮಠದ ಠೇವಣಿಗೆ ಬರುವ ಬಡ್ಡಿಯನ್ನು ಜಮೆ ಬರೆಯುವವನೂ ನಾನೇ. ಆದರೆ ಪತ್ರಕ್ಕೆ ಸಹಿ ಹಾಕದವನ ಹೆಗಲಿಗೆ ಹೊರೆ ಬಿದ್ದರೆ, ಅವನು ಕೇಳಬಾರದೇ? ಕೇಳಲು ಕಚೇರಿಯಲ್ಲಿ ಕುರ್ಚಿ ಇಲ್ಲದವನಿಗೆ ಬೀದಿಯೇ ಗತಿ. ಹೋಗಿ ಬನ್ನಿ ಎಂದೆ.

ಮಳೆಗಾಲದಲ್ಲಿ ಮುಂಗಡ ಕೊಟ್ಟು, ಕೊಯ್ಲಿಗೆ ಮೊದಲೇ ಬಡವನ ಅಡಿಕೆಗೆ ತಾವೇ ದರ ಕಟ್ಟುವ ನಮ್ಮ ವರ್ತಕ ಭಕ್ತರೊಬ್ಬರೂ ಜೊತೆಗೆ ಹೊರಟಿದ್ದಾರಂತೆ. ಅವರು ಇನ್ನೂ ನನ್ನನ್ನು ಕೇಳಿಲ್ಲ.