ಹೆರದ ಮಗುವಿನ ಋಣ

ಬೆಂಗಳೂರಿನ ಹಲಸೂರು ಸೋಮೇಶ್ವರ ದೇವಸ್ಥಾನದಲ್ಲಿ ಮದುವೆ ಮಾಡಿಸುವುದು ನಿಂತು ಕೆಲವು ವರ್ಷಗಳಾದವು. 2025ರ ಡಿಸೆಂಬರಿನಲ್ಲಿ ಅದು ಪತ್ರಿಕೆಗಳ ಸುದ್ದಿಯಾದಾಗ ಹೊರಬಿದ್ದ ಕಾರಣ ಇಷ್ಟೇ: ಅಲ್ಲಿ ತಾಳಿ ಕಟ್ಟಿಸಿಕೊಂಡವರು ಮುಂದೆ ವಿಚ್ಛೇದನಕ್ಕೆ ಹೋದಾಗ, ಮದುವೆ ಮಾಡಿಸಿದ ಅರ್ಚಕರು ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾಗಿತ್ತು. ಅಗ್ನಿಯನ್ನು ಕಟಕಟೆಗೆ ಕರೆಸಲಾಗದು, ಅರ್ಚಕರನ್ನು ಕರೆಸಬಹುದು. ಅಗ್ನಿಸಾಕ್ಷಿ ಎಂಬ ಮಾತು ನಮ್ಮ ಕಾಲದಲ್ಲಿ ಬಂದು ನಿಂತಿರುವುದು ಇಲ್ಲಿಗೆ. ಅದೇ ಗುಡಿಯ ಕಲ್ಲಿನಲ್ಲಿ ಗಿರಿಜಾ ಕಲ್ಯಾಣದ ಕೆತ್ತನೆಯಿದೆ. ಶಿವನಿಗೆ ಅದು ಎರಡನೆಯ ಮದುವೆ ಎಂಬುದು ನಮಗೆ ಥಟ್ಟನೆ ಹೊಳೆಯುವುದಿಲ್ಲ, ಏಕೆಂದರೆ ದಾಕ್ಷಾಯಿಣಿಯೇ ಗಿರಿಜೆಯಾಗಿ ಹುಟ್ಟಿಬಂದಳೆಂದು ಪುರಾಣ ಸಮಾಧಾನ ಹೇಳಿಬಿಟ್ಟಿದೆ. ಮನುಷ್ಯರ ಎರಡನೆಯ ಮದುವೆಗೆ ಆ ಸಮಾಧಾನ ಸಿಗದು. ಬರುವವಳು ಬೇರೆಯವಳೇ, ಬರುವವನು ಬೇರೆಯವನೇ. ಮೊದಲ ಮದುವೆಯ ಮಗುವೊಂದು ಮನೆಯಲ್ಲಿದ್ದರೆ ಆ ಬೇರೆತನವನ್ನು ಎಲ್ಲರಿಗಿಂತ ಮೊದಲು ಅಳೆಯುವುದು ಅದೇ. ಹಾಗಾದರೆ ಹೆರದ ಮಗುವಿಗೆ ತಾಯಿಯಾಗುವುದು, ಹುಟ್ಟಿಸದ ಮಗುವಿಗೆ ತಂದೆಯಾಗುವುದು ಎಂದರೆ ಏನು? ಅದೊಂದು ಸ್ಥಾನವೋ, ಒಂದು ಋಣವೋ?

ಋಣ ಎಂಬುದು ನನ್ನ ಉತ್ತರ. ಮಲತಾಯಿ, ಮಲತಂದೆಯರ ಬಹುಪಾಲು ಸಂಕಟ ಅದನ್ನು ಸ್ಥಾನವೆಂದು ತಿಳಿಯುವುದರಿಂದಲೇ ಹುಟ್ಟುತ್ತದೆ. ಸ್ಥಾನವೆಂದರೆ ಖಾಲಿಯಾದ ಕುರ್ಚಿ. ಒಬ್ಬರು ಎದ್ದುಹೋದ ಮೇಲೆ ಇನ್ನೊಬ್ಬರು ಕೂರಬಹುದು. ಹಿಂದೆ ಈ ಭ್ರಮೆಗೆ ಕೊಂಚ ಆಧಾರವಿತ್ತು. ಕತೆಗಳ ಮಲತಾಯಿ ಸಾಮಾನ್ಯವಾಗಿ ಬರುತ್ತಿದ್ದುದು ಹೆತ್ತವಳು ತೀರಿಕೊಂಡ ಮನೆಗೆ. ಈಗ ಹೆತ್ತವಳು ಬದುಕಿದ್ದಾಳೆ, ಫೋನಿನಲ್ಲಿದ್ದಾಳೆ, ಶಾಲೆಯ ವಾರ್ಷಿಕೋತ್ಸವಕ್ಕೂ ಬರುತ್ತಾಳೆ. ಅಪ್ಪ ಇಂದಿರಾನಗರದಲ್ಲಿ, ಅಮ್ಮ ಕೆ.ಆರ್. ಪುರದಲ್ಲಿ ಇದ್ದಾರೆಂದುಕೊಳ್ಳಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ನಾಲ್ಕನೆಯ ನಿಲ್ದಾಣ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದಾಚೆಗೆ ಹಳಿ ಕೂಡಿದ ಮೇಲೆ ಶನಿವಾರ ಆ ಮನೆ, ಸೋಮವಾರ ಈ ಮನೆ ಎನ್ನುವ ಮಗುವಿನ ದಾರಿ ಸಲೀಸಾಯಿತು. ಆ ಮಗುವಿನ ಲೆಕ್ಕದಲ್ಲಿ ಯಾವ ಕುರ್ಚಿಯೂ ಖಾಲಿಯಾಗಿಲ್ಲ. ಹೊಸಬರು ಅದರಲ್ಲಿ ಕೂರಲು ಹೋದರೆ ಕೂತವರ ಮೇಲೆಯೇ ಕೂತಂತಾಗುತ್ತದೆ.

ನಮ್ಮ ಕಾನೂನು ಈ ಸತ್ಯವನ್ನು ಒರಟಾಗಿಯಾದರೂ ಬಲ್ಲದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನ ವಿವರಣೆ, ತಂದೆ ತಾಯಿ ಎಂಬ ಪದಗಳಲ್ಲಿ ಮಲತಂದೆ ಮಲತಾಯಿ ಸೇರುವುದಿಲ್ಲವೆಂದು ಬಿಡಿಸಿಯೇ ಹೇಳುತ್ತದೆ. ಹತ್ತು ವರ್ಷ ಬುತ್ತಿ ಕಟ್ಟಿಕೊಟ್ಟವಳಾದರೂ ಅಷ್ಟರಿಂದಲೇ ಅವಳು ಸಹಜ ಪೋಷಕಳಾಗುವುದಿಲ್ಲ. ಆದರೆ ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಕಾಯ್ದೆ, ಮಕ್ಕಳಿಲ್ಲದ ಮಲತಾಯಿಯನ್ನು ಜೀವನಾಂಶಕ್ಕೆ ಅರ್ಹಳಾದ ಪಾಲಕಳೆಂದು ಎಣಿಸುತ್ತದೆ. 1996ರಲ್ಲಿ ಕೀರ್ತಿಕಾಂತ್ ವಡೋದರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿಯಿತು: ತಾಯಿ ಎಂಬ ಪದದಲ್ಲಿ ಮಲತಾಯಿ ಸೇರಳು, ಆದರೆ ಸ್ವಂತ ಮಕ್ಕಳಿಲ್ಲದ ಅವಳು ವಿಧವೆಯಾಗಿದ್ದರೆ, ಇಲ್ಲವೇ ಗಂಡ ಅವಳನ್ನು ಸಾಕಲಾರದವನಾಗಿದ್ದರೆ, ಮಲಮಗನಿಂದ ಜೀವನಾಂಶ ಕೇಳಬಹುದು. ಹೆಸರು ಕೊಡದ ಕಾನೂನು ಋಣವನ್ನು ಒಪ್ಪಿಕೊಂಡಿದೆ. ವಕೀಲರಿಗೆ ಇದು ಎಡವಟ್ಟಾಗಿ ಕಾಣಬಹುದು. ನನಗೆ ಇದರಲ್ಲಿ ವಿವೇಕ ಕಾಣುತ್ತದೆ.

ಶಿವಾಜಿನಗರದಲ್ಲಿ ಮಸೀದಿಗಳೂ ಸೇಂಟ್ ಮೇರಿ ಬೆಸಿಲಿಕಾವೂ ಒಂದೇ ಸಂತೆಯ ಸದ್ದು ಕೇಳುತ್ತ ನಿಂತಿವೆ. ವಿಚ್ಛೇದನದ ವಿಷಯದಲ್ಲಿ ಎರಡು ಧರ್ಮಗಳೂ ಎರಡು ದಡ: ಇಸ್ಲಾಮಿಗೆ ಮದುವೆ ಒಪ್ಪಂದ, ಮುರಿಯಲು ವಿಧಿಯಿದೆ; ಕಥೋಲಿಕರಿಗೆ ಅದು ಬಿಡಿಸಲಾಗದ ಸಂಸ್ಕಾರ. ಮಗುವಿನ ವಿಷಯಕ್ಕೆ ಬಂದಾಗ ದಡಗಳು ಹತ್ತಿರವಾಗುತ್ತವೆ. ಸಾಕಿದ ಮಕ್ಕಳನ್ನು ಅವರವರ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರಾನಿನ 33ನೇ ಅಧ್ಯಾಯ ವಿಧಿಸುತ್ತದೆ. ಮೊದಲ ಓದಿಗೆ ಕಠೋರವೆನಿಸುತ್ತದೆ, ಆದರೆ ಹಾಗೆ ವಿಧಿಸಿದ ಧರ್ಮದ ಪ್ರವಾದಿಯೇ ಮಲತಂದೆಯಾಗಿದ್ದರು. ವಿಧವೆ ಉಮ್ಮ್ ಸಲಮಾರನ್ನು ಮದುವೆಯಾದಾಗ ಆಕೆಯ ಹಿಂದಿನ ಮಕ್ಕಳೂ ಅವರ ಆಶ್ರಯಕ್ಕೆ ಬಂದರು. ಊಟದ ತಟ್ಟೆಯ ತುಂಬ ಕೈಯಾಡಿಸುತ್ತಿದ್ದ ಹುಡುಗ ಉಮರ್ ಇಬ್ನ್ ಅಬೀ ಸಲಮಾನಿಗೆ, ದೇವರ ಹೆಸರು ಹೇಳಿ ಬಲಗೈಯಲ್ಲಿ ನಿನ್ನ ಮುಂದಿರುವುದನ್ನು ತಿನ್ನು ಎಂದು ಅವರು ತಿದ್ದಿದರೆಂಬುದು ಪ್ರಸಿದ್ಧ ಹದೀಸು. ಇಂದಿಗೂ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಊಟದ ನಡವಳಿಕೆ ಒಬ್ಬ ಮಲಮಗನಿಗೆ ಹೇಳಿದ ಮಾತು! ಹುಡುಗನ ಹೆಸರಿನಲ್ಲಿ ತೀರಿಕೊಂಡ ತಂದೆ ಅಬೂ ಸಲಮಾ ಉಳಿದ, ತಟ್ಟೆಯ ಮುಂದೆ ಬುದ್ಧಿ ಹೇಳುವ ಹಿರಿಯನೂ ಸಿಕ್ಕ. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಕಾಗಲಿಲ್ಲ.

ಕಥೋಲಿಕ ಚರ್ಚು ಈ ಮಾತನ್ನು ಮದುವೆಗೆ ಮುನ್ನವೇ ಎತ್ತುತ್ತದೆ. 1983ರ ಅದರ ಧರ್ಮಸಂಹಿತೆಯ 1071ನೇ ವಿಧಿಯ ಪ್ರಕಾರ, ಹಿಂದಿನ ಸಂಬಂಧದ ಸಂಗಾತಿಗೋ ಮಕ್ಕಳಿಗೋ ಸಹಜ ಹೊಣೆ ಉಳಿಸಿಕೊಂಡವರ ಮದುವೆಯನ್ನು ಮೇಲಧಿಕಾರಿಯ ಅನುಮತಿಯಿಲ್ಲದೆ ಪಾದ್ರಿ ಮಾಡಿಸುವಂತಿಲ್ಲ. ಮೊದಲ ಮದುವೆ ಅಸಿಂಧುವೆಂದು ಚರ್ಚಿನ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೂ ಈ ಪ್ರಶ್ನೆ ಸಾಯುವುದಿಲ್ಲ. ಆ ತೀರ್ಪಿಗೆ ನಾಗರಿಕ ಕಾನೂನಿನ ಮಾನ್ಯತೆ ಬೇಕೆಂದು ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಹೂಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು. ಹೀಗಾಗಿ ಮರುಮದುವೆ ಬಯಸುವ ಕಥೋಲಿಕರು ಎರಡೂ ಕಡೆ ಮೆಟ್ಟಿಲು ಹತ್ತಬೇಕು. ತೊಡಕಿನ ದಾರಿಯೇ, ಅನುಮಾನವಿಲ್ಲ. ಆದರೂ ಹಳೆಯ ಮನೆಯ ಮಗುವಿನ ಗತಿ ಏನೆಂದು ಹೊಸ ಮುಹೂರ್ತಕ್ಕೆ ಮೊದಲೇ ಕೇಳುವ ಶಿಸ್ತು ನಮ್ಮ ಕಲ್ಯಾಣ ಮಂಟಪಗಳಿಗೆ ಗೊತ್ತಿಲ್ಲ.

ಹಿಂದೂ ಪರಂಪರೆಯಲ್ಲಿ ಇದಕ್ಕೆ ಸಮವಾದ ವಿಧಿಯಿಲ್ಲ, ಕತೆಗಳಿವೆ. ಧ್ರುವನನ್ನು ತಂದೆಯ ತೊಡೆಗೆ ಹತ್ತಗೊಡದ ಸುರುಚಿ, ರಾಮನನ್ನು ಕಾಡಿಗಟ್ಟಿದ ಕೈಕೇಯಿ ಎಲ್ಲರ ಬಾಯಲ್ಲಿದ್ದಾರೆ. ಇಬ್ಬರ ಜಗಳವೂ ಸಿಂಹಾಸನದ ಸುತ್ತಲಿನದು, ಊಟ ಬಟ್ಟೆಯದಲ್ಲ. ಮಂಥರೆ ಬಾಯಿ ತೆರೆಯುವವರೆಗೆ ಕೈಕೇಯಿಗೆ ರಾಮನ ಮೇಲೆ ಪ್ರೀತಿಯೇ ಇತ್ತು. ನಾವು ಮಾತ್ರ ಅವರಿಂದ ‘ಮಲತಾಯಿ ಧೋರಣೆ’ ಎಂಬ ನುಡಿಗಟ್ಟು ಕಡೆದು, ಅನುದಾನ ಕಡಿಮೆ ಕೊಟ್ಟ ಸರ್ಕಾರಕ್ಕೂ ಅಂಟಿಸಿದೆವು. ನನಗೆ ಇವರಿಬ್ಬರಿಗಿಂತ ಮಾದ್ರಿ ಮುಖ್ಯಳು. ಪಾಂಡು ಸತ್ತಾಗ ಅವಳು ಕುಂತಿಗೆ ಹೇಳುವ ಮಾತಿನ ಸಾರ ಇದು: ನಾನು ಬದುಕುಳಿದರೆ ನಿನ್ನ ಮಕ್ಕಳನ್ನು ನನ್ನವರಂತೆ ಭೇದವಿಲ್ಲದೆ ನೋಡಿಕೊಳ್ಳಲಾರೆ, ನೀನು ನೋಡಿಕೊಳ್ಳಬಲ್ಲೆ. ಚಿತೆಯೇರಿದ ಅವಳ ದಾರಿಯನ್ನು ನಾವು ಒಪ್ಪಬೇಕಿಲ್ಲ. ಆದರೆ ಪರರ ಮಕ್ಕಳ ಮೇಲೆ ಪ್ರೀತಿ ತಾನಾಗಿ ಉಕ್ಕುವುದಿಲ್ಲವೆಂದು ನಾಚಿಕೆಯಿಲ್ಲದೆ ಹೇಳಿದ ಪ್ರಾಮಾಣಿಕತೆ ಅಪರೂಪದ್ದು. ಕುಂತಿ ಆ ಋಣ ಹೊತ್ತಳು. ಮಕ್ಕಳು ವನವಾಸಕ್ಕೆ ಹೊರಟಾಗ ಅವಳು ದ್ರೌಪದಿಗೆ ವಿಶೇಷವಾಗಿ ಒಪ್ಪಿಸಿದ್ದು ಮಾದ್ರಿಯ ಮಗ ಸಹದೇವನನ್ನು. ಮುಂದೆ ಯಕ್ಷನು ಒಬ್ಬ ತಮ್ಮನನ್ನು ಬದುಕಿಸುವೆನೆಂದಾಗ ಧರ್ಮರಾಯ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ: ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ. ಗಮನಿಸಿ, ಅಷ್ಟು ವರ್ಷ ಕುಂತಿಯ ಕೈತುತ್ತು ಉಂಡವನನ್ನು ಧರ್ಮರಾಯ ಆಗಲೂ ಮಾದ್ರಿಯ ಮಗನೆಂದೇ ಎಣಿಸುತ್ತಾನೆ. ಸಾಕಿದವಳು ಹೆತ್ತವಳ ಲೆಕ್ಕವನ್ನು ಅಳಿಸಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ವಿಚ್ಛೇದನವೇ ಮಾತು ಮುರಿದ ಪಾಪವಾಗಿರುವಾಗ ಅದರ ಮೇಲೆ ಕಟ್ಟಿದ ಮನೆಗೆ ಎಂಥ ಧರ್ಮ ಎನ್ನುವವರಿದ್ದಾರೆ. ಮಾತು ಮುರಿದವರು ದೊಡ್ಡವರು, ಮಗುವಲ್ಲ ಎಂದಷ್ಟೇ ಅವರಿಗೆ ಹೇಳಬೇಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಕ್ಕಿಲ್ಲದವರು ಮಗುವನ್ನು ತಿದ್ದುವುದು ಹೇಗೆ, ‘ನೀನ್ಯಾರು ನನಗೆ ಹೇಳೋಕೆ’ ಎಂದು ಹದಿಮೂರರ ಹುಡುಗಿ ಕೇಳಿದರೆ ಉತ್ತರವೇನು? ದತ್ತು ಸ್ವೀಕಾರ ಒಂದು ದಾರಿ. ಬಾಲನ್ಯಾಯ ಕಾಯ್ದೆಯಡಿಯ ನಿಯಮಗಳು ಮಲತಂದೆ ಮಲತಾಯಿಯರಿಗೂ ಅದನ್ನು ತೆರೆದಿವೆ. ಆದರೆ ಹೆತ್ತವರ ಒಪ್ಪಿಗೆ ಬೇಕು, ಬದುಕಿರುವ ತಂದೆ ಅದನ್ನೇಕೆ ಕೊಟ್ಟಾನು? ನನ್ನ ಮಟ್ಟಿಗೆ, ಆ ಹುಡುಗಿಗೆ ‘ನಾನು ನಿನ್ನಮ್ಮ’ ಎನ್ನುವುದು ಸುಳ್ಳು, ‘ಈ ಮನೆಯ ಅಡುಗೆ, ಬಾಡಿಗೆ, ರಾತ್ರಿಯ ಬಾಗಿಲು ನನ್ನ ಜವಾಬ್ದಾರಿ’ ಎನ್ನುವುದು ನಿಜ. ತಿದ್ದುವ ಅಧಿಕಾರ ಆ ನಿಜದಿಂದ ನಿಧಾನವಾಗಿ ಬರುತ್ತದೆ, ಕೆಲವು ಮನೆಗಳಲ್ಲಿ ಬರುವುದೇ ಇಲ್ಲ. ಅಲ್ಲಿ ತಿದ್ದುವ ಕೆಲಸ ಹೆತ್ತವರದೇ. ಹೊಸ ಹೆಂಡತಿಯ ಮೇಲೆ ಅದನ್ನು ಹಾಕಿ ಆಫೀಸಿಗೆ ಹೊರಟುಬಿಡುವ ಗಂಡ ಅವಳನ್ನು ಕತೆಯ ಮಲತಾಯಿಯನ್ನಾಗಿ ತಾನೇ ಮಾಡುತ್ತಾನೆ.

ಧರ್ಮಗಳೇ ಮಲತಂದೆಯನ್ನು ನಂಬುವುದಿಲ್ಲವಲ್ಲ ಎಂದೂ ಕೇಳಬಹುದು. ಹನಫಿ ಪರಂಪರೆಯಲ್ಲಿ ತಾಯಿ ಮಗುವಿಗೆ ಪರಕೀಯನಾದವನನ್ನು ಮದುವೆಯಾದರೆ ಅದನ್ನು ಇಟ್ಟುಕೊಳ್ಳುವ ಅವಳ ಹಕ್ಕು ಹೋಗುತ್ತದೆ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಕೂಡ, ಮರುಮದುವೆಯಾದ ವಿಧವೆಯ ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಲು ಗಂಡನ ಕಡೆಯವರಿಗೆ ದಾರಿ ಬಿಟ್ಟಿತ್ತು. ಈ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮಗುವಿಗೆ ಹೊಸಬರಿಂದ ಹಾನಿಯಾಗುವುದೂ ಉಂಟು. ಆದರೆ ಅದರ ಬೆಲೆ ತೆತ್ತವಳು ಯಾವಾಗಲೂ ತಾಯಿ: ಗಂಡನೋ ಮಗುವೋ ಆರಿಸಿಕೋ ಎಂದು ಅವಳನ್ನು ಕೇಳಿದರು, ಮರುಮದುವೆಯಾಗುವ ಗಂಡಸನ್ನು ಕೇಳಲಿಲ್ಲ. ಇಂದಿನ ಕೋರ್ಟುಗಳು ಮಗುವಿನ ಹಿತವನ್ನೇ ಮೊದಲು ನೋಡುವುದು ಈ ಅನ್ಯಾಯಕ್ಕೆ ತಕ್ಕ ತಿದ್ದುಪಡಿ.

ಗಿರಿಜಾ ಕಲ್ಯಾಣದ ಮುಂದಿನ ಕತೆ ಎಲ್ಲರಿಗೂ ಗೊತ್ತು. ತಾಯಿಯ ಬಾಗಿಲು ಕಾಯುತ್ತಿದ್ದ, ತಾನು ಹುಟ್ಟಿಸದ ಹುಡುಗನನ್ನು ದಾಟಿ ಶಿವ ತನ್ನದೇ ಮನೆಯೊಳಗೆ ಹೋಗಬೇಕಾಗಿತ್ತು. ಯಜಮಾನನ ಹಕ್ಕೆಂದು ನುಗ್ಗಿದ, ಹುಡುಗನ ತಲೆ ಹೋಯಿತು. ಎರಡನೆಯ ಮದುವೆಗೆ ಹೊರಟವರಲ್ಲಿ ನನ್ನದೊಂದು ಬೇಡಿಕೆ: ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಏನೆಂದು ಕರೆಯಬೇಕೆಂಬುದನ್ನು ಮಗುವಿಗೇ ಬಿಡಿ. ಚಿಕ್ಕಮ್ಮ, ಚಿಕ್ಕಪ್ಪ ಎಂಬ ಪದಗಳು ಕನ್ನಡದಲ್ಲಿ ಹಿಂದಿನಿಂದಲೂ ಇವೆ.